ಅಂಚೆಪೆಟ್ಟಿಗೆ ಉಳಿಸಿದ ನೌಕೆ

80ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಬರುತ್ತಿದ್ದದ್ದು ನೆನಪಿದೆಯಾ? ಪಕ್ಕದ ಮನೆಯ ಟೀವಿ ಮುಂದೆ ಕೂತು ಆ ಚೂಪುಕಿವಿಯ ಸ್ಪಾಕ್‌ನನ್ನು ಬಾಯಿ ಬಿಟ್ಕೊಂಡು ನೋಡಿದವರಲ್ಲಿ ನಾನೂ ಒಬ್ಬ. ಆ ಧಾರಾವಾಹಿಯನ್ನು ಬದುಕಿಸಿದ್ದು ಅಭಿಮಾನಿಗಳ ಕಾಗದಗಳು ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಅದು ಶುರುವಾಯಿತು. ಎರಡನೇ ವರ್ಷಕ್ಕೇ ನಿಲ್ಲಿಸುತ್ತಾರಂತೆ ಅಂತ ಸುದ್ದಿ ಹಬ್ಬಿತು. ಬಿಜೋ ಟ್ರಿಂಬಲ್ ಎಂಬಾಕೆ, ಆಕೆಯ ಗಂಡ ಜಾನ್ ಇಬ್ಬರೂ ಸುಮ್ಮನೆ ಕೂರಲಿಲ್ಲ. ಸಿಕ್ಕ ವಿಳಾಸಗಳಿಗೆಲ್ಲ ಬರೆದರು: ವಾಹಿನಿಗೆ ಒಂದು ಕಾಗದ ಹಾಕಿ, ಇನ್ನು ಹತ್ತು ಜನರಿಗೆ ಹಾಕಲು ಹೇಳಿ, ಅವರೂ ತಲಾ ಹತ್ತು ಜನರಿಗೆ ಹೇಳಲಿ. ನಮ್ಮಲ್ಲಿ ಸಂತೋಷಿ ಮಾತೆಯ ಹೆಸರಲ್ಲಿ ಬರುತ್ತಿದ್ದ ಕಾರ್ಡುಗಳ ಹಾಗೆ! ಬರೆಯದಿದ್ದರೆ ಕೇಡಾಗುತ್ತೆ ಅನ್ನುವ ಹೆದರಿಕೆಯೊಂದು ಇರಲಿಲ್ಲ ಅಷ್ಟೆ. ಕಾಗದಗಳು ರಾಶಿ ಬಿದ್ದವು. 1968ರ ಮಾರ್ಚ್ 1ರಂದು ವಾಹಿನಿಯೇ ಟೀವಿಯಲ್ಲಿ ಹೇಳಬೇಕಾಯಿತು, ಧಾರಾವಾಹಿ ಮುಂದುವರಿಯುತ್ತದೆ ಅಂತ.

ಆದರೆ ಮೂರನೇ ವರ್ಷ ಅದನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದರು. ಹುಡುಗರು ಮನೆಯಲ್ಲಿರದ ಹೊತ್ತು. 1969ರಲ್ಲಿ 79 ಕಂತಿಗೆ ಆಟ ಮುಗಿಯಿತು.

ಹಾಗಾದರೆ ಕಾಗದ ಬರೆದದ್ದು ದಂಡವೇ? ಅಲ್ಲ ನೋಡಿ. ಆ ಮೂರನೇ ವರ್ಷದ ಕಂತುಗಳೂ ಸೇರಿದ್ದರಿಂದಲೇ ಸ್ಥಳೀಯ ಕೇಂದ್ರಗಳಿಗೆ ದಿನಾ ಮರುಪ್ರಸಾರ ಮಾಡುವಷ್ಟು ಸರಕು ಸಿಕ್ಕಿತು. ಹೊಸ ಪೀಳಿಗೆ ಅಂಟಿಕೊಂಡಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸಮ್ಮೇಳನಕ್ಕೆ ಕೆಲವು ನೂರು ಜನ ಬಂದಾರು ಅಂದುಕೊಂಡಿದ್ದರು. ಬಂದವರು ಮೂರು ಸಾವಿರಕ್ಕೂ ಮಿಕ್ಕಿ!

ಅದೇ ವರ್ಷ ಲೇಖಕಿ ಜಾಕ್ವೆಲಿನ್ ಲಿಕ್ಟನ್‌ಬರ್ಗ್ ‘ಸ್ಟಾರ್ ಟ್ರೆಕ್ ವೆಲ್ಕಮಿಟಿ’ ಶುರು ಮಾಡಿದರು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ ಅನ್ನಿಸುತ್ತೆ. ಹೊಸಬರ ಕಾಗದಕ್ಕೆ ಉತ್ತರ ಬರೆಯುವುದು, ಯಾವ ಕ್ಲಬ್ಬು ಎಲ್ಲಿದೆ ಅಂತ ತಿಳಿಸುವುದು, ಇಷ್ಟೇ ಅದರ ಕೆಲಸ. ನಮ್ಮ ಬ್ಯಾಂಕಿನ ‘ಮೇ ಐ ಹೆಲ್ಪ್ ಯೂ’ ಕೌಂಟರಿನ ಹಾಗೆ. ವ್ಯತ್ಯಾಸ ಇಷ್ಟೆ, ಅಲ್ಲಿ ಕೂತವರಿಗೆ ಸಂಬಳ ಇರಲಿಲ್ಲ.

1976ರಲ್ಲಿ ಅಭಿಮಾನಿಗಳು ಮತ್ತೆ ಪೆನ್ನು ಹಿಡಿದರು, ಈ ಸಲ ಅಧ್ಯಕ್ಷ ಫೋರ್ಡ್‌ಗೆ. ‘ಕಾನ್‌ಸ್ಟಿಟ್ಯೂಷನ್’ ಆಗಬೇಕಿದ್ದ ಮೊದಲ ಬಾಹ್ಯಾಕಾಶ ಷಟಲ್ ‘ಎಂಟರ್‌ಪ್ರೈಸ್’ ಆಯಿತು. ಪಾಪ, ಇಳಿಯುವ ಪರೀಕ್ಷೆಗಳಿಗೆ ಬಳಕೆಯಾದ ಅದು ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ. 2012ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಸೇರಿತು.

ಷಟಲಿನ ಹೆಸರು ಎಲ್ಲರಿಗೂ ಗೊತ್ತು. ಹೊಸಬರ ಕಾಗದಕ್ಕೆ ಕೂತು ಉತ್ತರ ಬರೆದವರ ಹೆಸರು ಯಾರಿಗೆ ಗೊತ್ತು? ನಾನು ಈ ಊರಿಗೆ ಬಂದ ಹೊಸದರಲ್ಲಿ ಕನ್ನಡ ಸಂಘದ ಬಾಗಿಲಲ್ಲಿ ಒಬ್ಬರು “ಯಾವೂರಾಯ್ತು ನಿಮಗೆ? ಬನ್ನಿ, ಒಳಗೆ ಬನ್ನಿ” ಅಂದಿದ್ದರು. ಅವರ ಹೆಸರೂ ನಾನು ಕೇಳಿರಲಿಲ್ಲ.