ಪದ್ಧತಿ ಅನ್ನೋ ನೆಪ ಮತ್ತು ಒಂದು ಮೇಲ್ಮನವಿ

"ಇದು ನಮ್ಮ ಪದ್ಧತಿ, ಇದರಲ್ಲಿ ದ್ವೇಷ ಏನೂ ಇಲ್ಲ." ಈ ಮಾತು ನಮಗೆ ಹೊಸದಲ್ಲ ಬಂಧುಗಳೇ. ಚಂದ್ರಗುತ್ತಿಯ ಬೆತ್ತಲೆ ಸೇವೆಗೂ ಇದೇ ಸಮರ್ಥನೆ, ದೇವದಾಸಿ ಬಿಡೋದಕ್ಕೂ ಇದೇ. ಇದಕ್ಕೆ 1996ರಲ್ಲಿ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ ಕೊಟ್ಟ ಉತ್ತರವನ್ನು ನಾವು ಓದಿಕೊಳ್ಳಬೇಕು.

ಫೌಜಿಯಾ ಕಸಿಂಜಾ ಪಶ್ಚಿಮ ಆಫ್ರಿಕಾದ ಟೋಗೋ ದೇಶದ ಹುಡುಗಿ. ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿ ಅವಳ ಬುಡಕಟ್ಟಿನಲ್ಲಿತ್ತು. ಅಪ್ಪ ಅದನ್ನು ಒಪ್ಪದವನು, ಮಗಳನ್ನು ಕಾಪಾಡಿಕೊಂಡಿದ್ದ. 1993ರಲ್ಲಿ ಅವನು ತೀರಿಕೊಂಡ. ಯಜಮಾನಿಕೆ ಸೋದರತ್ತೆ ಕೈಗೆ ಹೋಯ್ತು. 17ರ ಹುಡುಗಿಯನ್ನ 45ರ ಗಂಡಸಿಗೆ ನಾಲ್ಕನೇ ಹೆಂಡತಿಯಾಗಿ ಕಟ್ಟಿದರು. ಮುಂದೆ ಕತ್ತಿಯ ಸರದಿ. ಅಕ್ಕನ ನೆರವಿನಿಂದ ಹುಡುಗಿ ಓಡಿದಳು. ಘಾನಾ, ಜರ್ಮನಿ ದಾಟಿ 1994ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದವಳೇ ಆಶ್ರಯ ಕೇಳಿದಳು.

ಸಿಕ್ಕಿದ್ದು ಜೈಲು, 16 ತಿಂಗಳು.

ಅಲ್ಲಿನ ವಲಸೆ ನ್ಯಾಯಾಧೀಶರು ಸ್ವತಂತ್ರ ನ್ಯಾಯಾಂಗಕ್ಕೆ ಸೇರಿದವರಲ್ಲ, ಸರ್ಕಾರದ ನ್ಯಾಯ ಇಲಾಖೆಯ ನೌಕರರು. ಬಡವರಿಗೆ ಸರ್ಕಾರದ ಖರ್ಚಲ್ಲಿ ವಕೀಲರನ್ನೂ ಕೊಡಲ್ಲ. ಫೌಜಿಯಾ ಪರ ವಾದಿಸಿದ್ದು ಲೈಲಿ ಮಿಲ್ಲರ್ ಬಶೀರ್ ಎಂಬ ಕಾನೂನು ವಿದ್ಯಾರ್ಥಿನಿ. 1995ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅವಳ ಮಾತು ನಂಬುವಂತಿಲ್ಲ ಅಂತ ಅರ್ಜಿ ವಜಾ ಮಾಡಿದ. ನೊಂದವರ ಮಾತನ್ನೇ ಅನುಮಾನಿಸೋದು, ಇದೂ ನಮಗೆ ಗೊತ್ತಿರೋದೇ.

ಮೇಲ್ಮನವಿಯನ್ನು ವಕೀಲೆ ಕರೆನ್ ಮುಸಾಲೊ ಕೈಗೆತ್ತಿಕೊಂಡರು. 1996ರ ಜೂನ್ 13ರಂದು ಮಂಡಳಿ ಆಶ್ರಯ ಕೊಟ್ಟಿತು. ಅವಳ ಹೇಳಿಕೆಯನ್ನು ಹೊಸದಾಗಿ ಪರಿಶೀಲಿಸಿ, ಅದು ನಂಬಲರ್ಹ ಅಂತು. ಶಿಕ್ಷಿಸುವ, ಕೇಡು ಮಾಡುವ ಉದ್ದೇಶ ಇಲ್ಲದಿದ್ದರೂ ಕಿರುಕುಳ ಕಿರುಕುಳವೇ ಅಂತಲೂ ಹೇಳಿತು. ಪದ್ಧತಿ ಅನ್ನೋ ನೆಪ ಅಲ್ಲಿಗೆ ಬಿತ್ತು.

ನಮಗೆ ಮುಖ್ಯವಾದ ಇನ್ನೊಂದು ಮಾತಿದೆ. 1951ರ ನಿರಾಶ್ರಿತರ ಒಪ್ಪಂದದಲ್ಲಿ ಐದು ಕಾರಣ ಇವೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಜಾತಿ ಅನ್ನೋ ಪದ ಇಲ್ಲ. ಆದರೆ ಸಾಮಾಜಿಕ ಗುಂಪು ಅಂದ್ರೆ ಏನು ಅಂತ ಇದೇ ಮಂಡಳಿ 1985ರಲ್ಲಿ ಎಲ್ ಸಾಲ್ವಡಾರ್‌ನ ಒಬ್ಬ ಟ್ಯಾಕ್ಸಿ ಚಾಲಕನ ಪ್ರಕರಣದಲ್ಲಿ ಅಳತೆಗೋಲು ಹಾಕಿತ್ತು: ಬದಲಿಸಲಾಗದ, ಅಥವಾ ಬದಲಿಸು ಅಂತ ಯಾರೂ ಬಲವಂತ ಮಾಡಬಾರದ ಗುಣ. ಚಾಲಕ ಸೋತ, ಅಳತೆಗೋಲು ಉಳಿಯಿತು. ಫೌಜಿಯಾ ಗೆದ್ದಿದ್ದು ಅದರಿಂದಲೇ. ಹುಟ್ಟಿನಿಂದ ಅಂಟಿಸಿದ, ಕಳಚಿದರೂ ಬಿಡದ ಜಾತಿಗೆ ಈ ಅಳತೆ ಹೊಂದಲ್ಲ ಅನ್ನೋಕಾಗುತ್ತಾ?

ಹಾಗಂತ ಬಾಗಿಲು ಪೂರ್ತಿ ತೆರೆಯಿತು ಅಂತಲ್ಲ. ಗಂಡನ ಹಿಂಸೆ ತಾಳದೆ ಗ್ವಾಟೆಮಾಲಾದಿಂದ ಓಡಿಬಂದ ರೋಡಿ ಅಲ್ವರಾಡೊಗೆ ಕೆಳಗಿನ ನ್ಯಾಯಾಧೀಶ 1996ರಲ್ಲಿ ಕೊಟ್ಟ ಆಶ್ರಯವನ್ನು ಇದೇ ಮಂಡಳಿ 1999ರಲ್ಲಿ ಕಿತ್ತುಕೊಂಡಿತು. ಕೊನೆಗೆ ಆಶ್ರಯ ಸಿಕ್ಕಿದ್ದು 2009ರಲ್ಲಿ. ಇನ್ನು ನಮ್ಮ ಭಾರತ 1951ರ ಒಪ್ಪಂದಕ್ಕೆ ಇವತ್ತಿಗೂ ಸಹಿಯನ್ನೇ ಹಾಕಿಲ್ಲ.

ಅಧಿಕಾರಿಗಳು ಫೌಜಿಯಾಳ ಮನೆತನದ ಹೆಸರನ್ನು 'ಕಸಿಂಗಾ' ಅಂತ ತಪ್ಪಾಗಿ ಬರೆದರು. ತೀರ್ಪು ಇವತ್ತಿಗೂ ಆ ತಪ್ಪು ಹೆಸರಲ್ಲೇ ಇದೆ. ದಿನಾ ಕಡತಗಳ ನಡುವೆ ಕೂರುವ ಗುಮಾಸ್ತ ನಾನು, ಒಂದಕ್ಷರ ತಪ್ಪಿದರೆ ಬಡವರು ಎಷ್ಟು ಅಲೆಯಬೇಕಾಗುತ್ತೆ ಅಂತ ಬಲ್ಲೆ. ಅದಕ್ಕೇ ಹೇಳ್ತೀನಿ: ದೌರ್ಜನ್ಯ ಆದಾಗ ದೂರಿನ ಪ್ರತಿ, ಆಸ್ಪತ್ರೆ ಚೀಟಿ, ಫೋಟೋ, ತಾರೀಖು, ಒಂದನ್ನೂ ಬಿಡದೆ ಇಟ್ಟುಕೊಳ್ಳಿ. ಕೆಳಗಿನವರು ನಂಬಲ್ಲ ಅಂದ ದಿನ ಮೇಲಿನವರ ಮುಂದೆ ಇಡೋಕೆ ಅವು ಬೇಕಾಗುತ್ತವೆ.

ಜೈ ಭೀಮ್.