ಬಿಳಿಮಣ್ಣಿನ ಗಾಡಿಗಳೂ ಅವುಗಳ ಛಾಯಾಚಿತ್ರಗಳೂ

ಪಿಂಗಾಣಿಯ ಬಟ್ಟಲಿನಲ್ಲಿ ಕಾಫಿ ಕುಡಿಯುವವರೊಳಗೆ ಆ ಬಟ್ಟಲು ಯಾವ ನೆಲದ ಮಣ್ಣೆಂದು ಕೇಳುವವರು ವಿರಳ. ನುಣುಪಾದ ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ನೋಡುವಾಗ ಆ ನುಣುಪು ಎಲ್ಲಿಂದ ಬಂತೆಂದು ಯೋಚಿಸುವವರು ಇನ್ನೂ ವಿರಳ. ಎರಡಕ್ಕೂ ಬೇಕಾದ ದ್ರವ್ಯ ಒಂದೇ, ಬಿಳಿಯ ಜೇಡಿ. ಅದರ ಗುಣವನ್ನು ಮೊದಲು ಅರಿತವರು ಚೀನದವರಾದುದರಿಂದ ಅದಕ್ಕೆ ಚೀನೀಜೇಡಿಯೆಂಬ ಹೆಸರು ನಿಂತಿತು. ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಸೀಮೆಯಲ್ಲಿ ಈ ಮಣ್ಣು ರೈಲುಗಾಡಿಯೇರಿ ಬಂದರಿಗೆ ಹೋದ ಕಥೆಯನ್ನೂ, ಆ ಗಾಡಿಗಳನ್ನು ಛಾಯಾಚಿತ್ರಗಳಲ್ಲಿ ಹಿಡಿದಿಟ್ಟವರ ಕೆಲಸ ಚರಿತ್ರೆಗೆ ಎಷ್ಟರಮಟ್ಟಿಗೆ ಸಾಕ್ಷಿಯಾದೀತೆಂಬುದನ್ನೂ ಇಲ್ಲಿ ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ಗ್ರಾನೈಟ್ ಶಿಲೆಯೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜವು ಶಿಥಿಲವಾಗಿ ಈ ಜೇಡಿಯಾಗುತ್ತದೆ. ಪ್ಲಿಮತ್ ಪಟ್ಟಣದ ಔಷಧವ್ಯಾಪಾರಿಯಾದ ವಿಲಿಯಂ ಕುಕ್‌ವರ್ದಿಯು 1746ರ ಸುಮಾರಿಗೆ ಕಾರ್ನ್‌ವಾಲಿನ ಟ್ರೆಗಾನಿಂಗ್ ಗುಡ್ಡದಲ್ಲಿ ಇದನ್ನು ಗುರುತಿಸಿ, 1768ರಲ್ಲಿ ಪಿಂಗಾಣಿಮಾಡುವುದಕ್ಕೆ ಏಕಸ್ವಾಮ್ಯದ ಸನ್ನದನ್ನು ಪಡೆದನು. ಆ ಸನ್ನದಿನ ಅವಧಿಯನ್ನು ಬೆಳೆಸಬೇಕೆಂದು 1775ರಲ್ಲಿ ಪಾರ್ಲಿಮೆಂಟಿಗೆ ಅರ್ಜಿ ಹೋದಾಗ, ಜೋಸೈಯ ವೆಜ್‌ವುಡ್ ಮೊದಲಾದ ಸ್ಟಾಫರ್ಡ್‌ಷೈರಿನ ಕುಂಬಾರರು ಬಲವಾಗಿ ವಿರೋಧಿಸಿದರು. ಮಣ್ಣು ಅಗ್ಗ, ಆದರೆ ಭಾರ. ಅಗೆಯುವ ಖರ್ಚಿಗಿಂತ ಸಾಗಿಸುವ ಖರ್ಚೇ ವ್ಯಾಪಾರದ ಅಳಿವುಉಳಿವನ್ನು ನಿರ್ಣಯಿಸುವಂತಹ ಸರಕು ಇದು. ಆದಕಾರಣ ಈ ಸೀಮೆಯ ಚರಿತ್ರೆಯನ್ನು ಬರೆಯುವವರು ಗಣಿಯ ಜೊತೆಯಲ್ಲಿಯೇ ಬಂದರನ್ನೂ ದಾರಿಯನ್ನೂ ಬರೆಯಬೇಕಾಗುತ್ತದೆ.

ಮೊದಲು ಕುದುರೆಬಂಡಿಗಳು ಸೇಂಟ್ ಆಸ್ಟೆಲ್ ಊರಿನ ಕಡೆಯಿಂದ ಚಾರ್ಲ್ಸ್‌ಟೌನ್ ಬಂದರಿಗೆ ಜೇಡಿಯನ್ನು ಒಯ್ಯುತ್ತಿದ್ದುವು. ಜೋಸೆಫ್ ಟ್ರೆಫ್ರಿ ಎಂಬ ಸಾಹಸಿಯು ಪಾರ್ ಎಂಬಲ್ಲಿ ಬಂದರು ಕಟ್ಟಿಸಿ, ಲಕ್ಸೂಲಿಯನ್ ಕಣಿವೆಗೆ ಅಡ್ಡಲಾಗಿ ಹತ್ತು ಕಮಾನುಗಳ ಕಲ್ಲುಸೇತುವೆಯನ್ನು 1842ರಲ್ಲಿ ಮುಗಿಸಿದನು. ಮೇಲೆ ಕುದುರೆಗಳೆಳೆಯುವ ಕಂಬಿದಾರಿ, ಅದರ ಅಡಿಯಲ್ಲಿ ನೀರಿನ ಕಾಲುವೆ. ಒಂದೇ ಸೇತುವೆಯಿಂದ ಎರಡು ಕೆಲಸ. ಉಗಿಯಂತ್ರಗಳ ಕಾಲ ಬಂದದ್ದು 1874ರ ಜೂನ್ 1ರಂದು ಕಾರ್ನ್‌ವಾಲ್ ಮಿನರಲ್ಸ್ ರೈಲ್ವೆ ತೆರೆದಾಗ. ಈ ಕಂಪನಿಯು ಹದಿನೆಂಟು ಎಂಜಿನ್ನುಗಳನ್ನು ತರಿಸಿ, ಎರಡೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ಓಡಿಸಬೇಕೆಂದು ಬಗೆಯಿತು. ಸೇಂಟ್ ಬ್ಲೇಜಿಯಲ್ಲಿ ಅವುಗಳಿಗಾಗಿ ಕಟ್ಟಿದ ವರ್ತುಲಾಕಾರದ ಶಾಲೆಯಲ್ಲಿ ಒಂಬತ್ತು ಅಂಕಣಗಳಿರುವುದು ಈ ಲೆಕ್ಕದಿಂದಲೇ. ಕಂಪನಿಯು ಏಳಿಗೆ ಕಾಣದೆ 1896ರಲ್ಲಿ ಗ್ರೇಟ್ ವೆಸ್ಟರ್ನ್ ಕಂಪನಿಗೆ ಮಾರಿಹೋಯಿತು, ಕಟ್ಟಡವು ನಿಂತಿದೆ.

ಇನ್ನು ಛಾಯಾಚಿತ್ರದ ವಿಚಾರ. ಹತ್ತೊಂಬತ್ತನೆಯ ಶತಮಾನದ ಗಾಜಿನ ಫಲಕಗಳು ನೀಲಿಯ ಬೆಳಕಿಗೆ ಮಾತ್ರ ಚೆನ್ನಾಗಿ ಮಣಿಯುತ್ತಿದ್ದುವು. ನೀಲಿಯ ಆಕಾಶವೂ ಬಿಳಿಯ ಜೇಡಿಯೂ ಅವುಗಳಲ್ಲಿ ಒಂದೇ ಬಿಳುಪಾಗಿ ಮೂಡುತ್ತಿದ್ದುವು. ಗಾಢವರ್ಣದ ಎಂಜಿನ್ನು ಕರಿಯ ಮುದ್ದೆಯಾಗುತ್ತಿದ್ದಿತು. ಎಂಜಿನ್ನಿಗೆ ಒಪ್ಪುವಷ್ಟು ಬೆಳಕು ಕೊಟ್ಟರೆ ಗಾಡಿಯೊಳಗಿನ ಸರಕು ಅಳಿಸಿಹೋಗುವುದು. ಸರಕಿಗೆ ಒಪ್ಪಿದರೆ ಎಂಜಿನ್ನು ಕಾಣದು. ಓಡುವ ಗಾಡಿಯನ್ನು ಹಿಡಿಯುವುದಂತೂ ಆ ಮಂದವಾದ ಫಲಕಗಳಿಗೆ ಕಷ್ಟ. ಇದಕ್ಕಿಂತ ದೊಡ್ಡ ಅಡ್ಡಿಯೊಂದು ಮನಸ್ಸಿನಲ್ಲಿಯೇ ಇದ್ದಿತು. ಫಲಕಕ್ಕೆ ಹಣ ಕೊಟ್ಟವನು ಲಂಡನ್ನಿನ ವೇಗದ ಗಾಡಿಗಾಗಿ ಕಾಯುವನೇ ಹೊರತು, ದಿನವೂ ಅದೇ ಹೊತ್ತಿಗೆ ಧೂಳು ಮೆತ್ತಿಕೊಂಡು ಬರುವ ಗೂಡ್ಸುಗಾಡಿಗೆ ಕಾಯುವನೇ? ನಮ್ಮಲ್ಲಿಯೂ ದೇವರ ರಥಕ್ಕೆ ಚಿತ್ರಗಳುಂಟು. ಸಂತೆಗೆ ಹೋಗುವ ಎತ್ತಿನ ಬಂಡಿಗೆ ಎಷ್ಟುಂಟು?

ಜೇಡಿಯ ಗಾಡಿಗೆ ಛಾಯಾಚಿತ್ರಕಾರರ ಕಣ್ಣು ತಾಗಿದ್ದು ಒಂದು ವಿಚಿತ್ರವಾದ ಕಾರಣದಿಂದ. ಬಾಡ್ಮಿನ್ ಕಾಡುಬಯಲಿನ ಜೇಡಿ ವೆನ್‌ಫರ್ಡ್ ಎಂಬಲ್ಲಿ ಒಣಗಿ, ಕ್ಯಾಮೆಲ್ ನದಿಯ ದಂಡೆಯ ಶಾಖಾಮಾರ್ಗದಲ್ಲಿ ಹೊರಡುತ್ತಿದ್ದಿತು. 1834ರಲ್ಲಿ ತೆರೆದ ಬಾಡ್ಮಿನ್ ಮತ್ತು ವೇಡ್‌ಬ್ರಿಜ್ ರೈಲ್ವೆಯ ಭಾಗವಾದ ಆ ದಾರಿಯ ತಿರುವುಗಳು ಬಹು ಕಠಿನ. ದೊಡ್ಡ ಎಂಜಿನ್ನು ಅಲ್ಲಿ ಸಲ್ಲದು. ಲಂಡನ್ನಿನ ಉಪನಗರಗಳ ಪ್ರಯಾಣಿಕರಿಗಾಗಿ ಜೋಸೆಫ್ ಬೀಟಿ ರೂಪಿಸಿದ ಎಂಬತ್ತೈದು ಪುಟ್ಟ ಎಂಜಿನ್ನುಗಳಲ್ಲಿ, 1874 ಮತ್ತು 1875ರಲ್ಲಿ ಹುಟ್ಟಿದ ಮೂರು ಮಾತ್ರ ಈ ಮೂಲೆಗೆ ಬಂದು ಸೇರಿ, ಒಡಹುಟ್ಟಿದವೆಲ್ಲ ಗುಜರಿಯಾದಮೇಲೂ 1962ರವರೆಗೆ ದುಡಿದುವು. ಎಂಬತ್ತು ವರ್ಷ ದಾಟಿದ ಈ ಮುದುಕಿಯರನ್ನು ನೋಡಲು ಹವ್ಯಾಸಿಗಳು ಕ್ಯಾಮೆರಾ ಹೊತ್ತು ಬಂದರು. ಪೆನ್‌ಕ್ಯಾರೋ ಕಾಡಿನ ನಡುವೆ ಹಳ್ಳದ ನೀರು ತುಂಬುವ ತೊಟ್ಟಿಯ ಬಳಿ ಗಾಡಿ ನಿಲ್ಲುತ್ತಿದ್ದಿತು; ಚಿತ್ರ ತೆಗೆಯುವವನಿಗೆ ಇದಕ್ಕಿಂತ ಅನುಕೂಲವೇನು? ಎಂಜಿನ್ನನ್ನು ಬಯಸಿ ಬಂದವರ ಚಿತ್ರದೊಳಗೆ ಅದರ ಬೆನ್ನಹಿಂದಿನ ಜೇಡಿಯ ಬಂಡಿಗಳೂ ಬಂದು ಕುಳಿತುವು. ಅವರು ಬೇಡದೆಯೇ ಉಳಿಸಿದ ಭಾಗವೇ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಶಾಸನದಲ್ಲಿ ತೇದಿಯಿಲ್ಲದಿದ್ದರೆ ಲಿಪಿಯ ರೂಪವನ್ನು ನೋಡಿ ಕಾಲವನ್ನು ಊಹಿಸುತ್ತೇವಷ್ಟೆ. ಈ ಚಿತ್ರಗಳಲ್ಲಿಯೂ ಅದೇ ನ್ಯಾಯ. ಆ ಪುಟ್ಟ ಎಂಜಿನ್ನಿನ ಮೇಲೆ 30585 ಎಂಬ ಐದಂಕಿಯ ಸಂಖ್ಯೆಯಿದ್ದರೆ ಚಿತ್ರವು 1948ರ ರಾಷ್ಟ್ರೀಕರಣಕ್ಕೆ ಈಚಿನದು. ಬಂಡಿಗಳ ಹೊದಿಕೆ ಇನ್ನೂ ಒಳ್ಳೆಯ ಸಾಕ್ಷಿ. 1954ರಿಂದ ಮೊದಲ್ಗೊಂಡು ಕಟ್ಟಿದ ಮರದ ಬಂಡಿಗಳ ಮೇಲೆ ಮೊದಲು ಟಾರ್ಪಾಲನ್ನು ಚಪ್ಪಟೆಯಾಗಿ ಹಾಸುತ್ತಿದ್ದರು. ಮಳೆಯ ನೀರು ಅದರ ನಡುವೆ ನಿಂತು ತಗ್ಗಾಗುವುದು. ಒಣಗಿಸಿದ ಜೇಡಿಗೆ ನೀರು ತಾಗಿದರೆ ಒಣಗಿಸಿದ ಶ್ರಮವೆಲ್ಲ ವ್ಯರ್ಥ. 1974ರಿಂದ ನಡುವೆ ತೊಲೆಯೊಂದನ್ನು ಕೊಟ್ಟು ಹೊದಿಕೆಯನ್ನು ಗುಡಾರದಂತೆ ಎತ್ತಿಕಟ್ಟಿದರು. ನೀಲಿಯ ಗುಡಾರಗಳ ಸಾಲೊಂದು ಕಣಿವೆಯಲ್ಲಿ ಇಳಿದುಬರುತ್ತಿರುವ ಚಿತ್ರ ಸಿಕ್ಕಿದರೆ, ಅದು ಆ ವರ್ಷಕ್ಕೂ 1988ಕ್ಕೂ ನಡುವಿನದೆಂದು ಧಾರಾಳವಾಗಿ ಹೇಳಬಹುದು; ಆಮೇಲೆ ಉಕ್ಕಿನ ಹೊಸ ಬಂಡಿಗಳು ಬಂದುವು. ಎಷ್ಟು ಟನ್ ಹೋಯಿತೆಂಬುದನ್ನು ಕಂಪನಿಯ ಲೆಕ್ಕದ ಪುಸ್ತಕ ಹೇಳೀತು. ಹಗ್ಗವನ್ನು ಹೇಗೆ ಬಿಗಿದರು, ನೀರು ಎಲ್ಲಿ ನಿಂತಿತು ಎಂಬುದನ್ನು ಹೇಳುವವರು ಈ ಹವ್ಯಾಸಿಗಳೇ.

ಹೀಗೆಂದು ಈ ಸಾಕ್ಷಿಯನ್ನು ಪೂರ್ತಿಯಾಗಿ ನಂಬತಕ್ಕದ್ದಲ್ಲ. ಗಾಡಿಯ ಚಿತ್ರ ತೆಗೆಯುವವನು ಚೌಕಟ್ಟಿನೊಳಗೆ ಮನುಷ್ಯನು ಅಡ್ಡಬಂದರೆ ಅವನು ಸರಿಯುವವರೆಗೆ ಕಾಯುವುದೇ ಹೆಚ್ಚು. ಒಣಗಿದ ಜೇಡಿಯ ಹೆಂಟೆಗಳಿಗಂಟಿದ ಮರಳನ್ನು ಕೆರೆದು ಚೊಕ್ಕಟಮಾಡಿದ ಹತ್ತೊಂಬತ್ತನೆಯ ಶತಮಾನದ ಹೆಂಗಸರು ಗಾಡಿಗಳ ಚಿತ್ರದಲ್ಲಿ ಇಲ್ಲ. 1913ರಲ್ಲಿ ವಾರಕ್ಕೆ 25 ಷಿಲಿಂಗ್ ಕೂಲಿ ಬೇಕೆಂದು ಜೇಡಿಯ ಕೆಲಸಗಾರರು ಮುಷ್ಕರ ಹೂಡಿದಾಗ, ವೇಲ್ಸಿನ ಗ್ಲಮಾರ್ಗನ್ನಿನಿಂದ ಪೋಲೀಸರನ್ನು ಕರೆಸಲಾಯಿತು, ಲಾಠಿಯೇಟುಗಳೂ ಬಿದ್ದುವು, ಬೇಡಿಕೆ ಈಡೇರದೆಯೇ ಕೆಲಸಗಾರರು ಹಿಂದಿರುಗಿದರು. ಗಾಡಿಗಳ ಚಿತ್ರಸಂಪುಟವನ್ನು ಎಷ್ಟು ತಿರುವಿದರೂ ಆ ಕೋಪದ ಸುಳಿವು ದೊರೆಯದು. ಗಾಡಿಯನ್ನು ತುಂಬಿದವರ ಕೈಗಳನ್ನು ಬಿಟ್ಟು ಗಾಡಿಯನ್ನು ಮಾತ್ರ ಪ್ರೀತಿಸುವ ಚರಿತ್ರೆ ಅರೆಚರಿತ್ರೆಯೆಂದೇ ನಮ್ಮ ಅಭಿಪ್ರಾಯ. ಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಷಂಟರನನ್ನು ಹುಡುಕುವ ಅಭ್ಯಾಸ ಸಂಶೋಧಕನಿಗೆ ಬೇಕು.

ಇನ್ನೊಂದು ಸಂಗತಿಯನ್ನು ವಾಚಕರ ಅವಗಾಹನೆಗೆ ತರದೆ ಇರಲಾರೆವು. ಛಾಯಾಚಿತ್ರವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚುಮಾಡುವುದಕ್ಕೆ ಒರಟು ಕಾಗದ ಒಪ್ಪದು. ಕಾಗದದ ಮೈಗೆ ನಯವಾದ ಲೇಪ ಬೇಕು. ‘ಆರ್ಟ್ ಪೇಪರ್’ ಎಂದು ನಮ್ಮ ಮುದ್ರಣಾಲಯಗಳಲ್ಲಿಯೂ ಕರೆಯುವ ಕಾಗದದ ಆ ಲೇಪವು ಬಹುಕಾಲ ಚೀನೀಜೇಡಿಯದೇ. ಪಿಂಗಾಣಿಗಿಂತ ಕಾಗದವೇ ಈ ಮಣ್ಣಿನ ದೊಡ್ಡ ಗಿರಾಕಿಯಾಯಿತು. 1989ರಿಂದ ಕಾರ್ನ್‌ವಾಲಿನ ಬರ್ನ್‌ಗುಲ್ಲೋದಿಂದ ಸ್ಕಾಟ್ಲೆಂಡಿನ ಅರ್ವಿನ್‌ವರೆಗೆ, ದ್ವೀಪದ ಉದ್ದಕ್ಕೂ, ಕಾಗದದ ಗಿರಣಿಗಾಗಿ ನೀರುಬೆರೆತ ಜೇಡಿಯ ಟ್ಯಾಂಕರು ಗಾಡಿಗಳು ಓಡಿದುವು. ಜೇಡಿಯ ಗಾಡಿಯ ಚಿತ್ರವು ಪತ್ರಿಕೆಯಲ್ಲಿ ಅಚ್ಚಾದಾಗ ಅದೇ ಜೇಡಿಯ ಮೇಲೆಯೇ ಕುಳಿತಿರುತ್ತಿದ್ದಿತೆಂದರೆ ಅತಿಶಯೋಕ್ತಿಯಾಗದು. ಮುಂದೆ ಸುಣ್ಣಕಲ್ಲಿನ ಪುಡಿಯು ಲೇಪಕ್ಕೆ ಬಂದುದರಿಂದಲೂ, ಬ್ರೆಜಿಲ್ ದೇಶದ ಪೈಪೋಟಿಯಿಂದಲೂ ಕಾರ್ನ್‌ವಾಲಿನ ವ್ಯಾಪಾರ ಇಳಿಯಿತು. 2006ರಲ್ಲಿ ನೂರಾರು ಕೆಲಸಗಳನ್ನು ಕಡಿಮೆಮಾಡುವ ಪ್ರಕಟಣೆ ಹೊರಟಿತು.

ಪಾರ್‌ನಿಂದ ಫಾಯ್ ಬಂದರಿಗೆ ಹೋಗುತ್ತಿದ್ದ ಕಂಬಿಗಳನ್ನು 1968ರಲ್ಲಿ ಮುಚ್ಚಿ, ಆ ದಾರಿಯನ್ನು ಜೇಡಿಯ ಲಾರಿಗಳ ಖಾಸಗಿ ರಸ್ತೆಯಾಗಿ ಮಾಡಿದರು. ಲಾಸ್ಟ್‌ವಿತಿಯಲ್ ಕಡೆಯಿಂದ ಅದೇ ಬಂದರಿಗೆ ಹೋಗುವ ಇನ್ನೊಂದು ಮಾರ್ಗದಲ್ಲಿ 1965ರಲ್ಲಿ ಪ್ರಯಾಣಿಕರ ಸಂಚಾರ ನಿಂತು, ದಾರಿಯು ಜೇಡಿಗಾಗಿಯೇ ಉಳಿಯಿತು. ವೆನ್‌ಫರ್ಡಿನ ಶಾಖೆ 1983ರಲ್ಲಿ ಮುಗಿದು, ಅಲ್ಲಿ ಈಗ ಸೈಕಲ್ಲಿನವರೂ ಕಾಲ್ನಡೆಯವರೂ ಸಂಚರಿಸುತ್ತಾರೆ. ಬೀಟಿಯ ಮೂರು ಎಂಜಿನ್ನುಗಳಲ್ಲಿ 30585 ಮತ್ತು 30587 ಎಂಬ ಎರಡು ಸಂರಕ್ಷಿತವಾಗಿವೆ. ಅವು ಎಳೆದ ಬಂಡಿಗಳ ಮೇಲೆ ಹೊದಿಸಿದ ಒದ್ದೆ ಟಾರ್ಪಾಲನ್ನು ನೋಡಬೇಕೆನ್ನುವವರು ಮಾತ್ರ, ಕಾಡಿನ ತೊಟ್ಟಿಯ ಬಳಿ ಗಾಡಿಗೆ ಕಾದು ನಿಂತವರ ಚಿತ್ರಗಳನ್ನೇ ತೆಗೆದು ನೋಡಬೇಕು.