ಬೆಂಗಳೂರಿಗಿಂತ ಮೊದಲೇ ಹಳ್ಳಿಗೆ ಬಂದ ಟಿ.ವಿ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ಆಗಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗರು ಸಂಜೆ ಹೊತ್ತು ಟಿ.ವಿ. ಮುಂದೆ ಕೂರುತ್ತಿದ್ದರು. ರಾಜಧಾನಿಗೆ ಇಲ್ಲದ ಈ ಭಾಗ್ಯ ಬಿಸಿಲುನಾಡಿಗೆ ಒದಗಿದ್ದು ಹೇಗೆ?

ಉತ್ತರ ಆಕಾಶದಲ್ಲಿತ್ತು. ವಿಕ್ರಮ್ ಸಾರಾಭಾಯಿ ಅವರ ಒತ್ತಾಸೆಯಿಂದ 1969ರಲ್ಲಿ ಅಮೆರಿಕದ ನಾಸಾ ಜೊತೆ ಭಾರತ ಒಪ್ಪಂದ ಮಾಡಿಕೊಂಡಿತು. ಅದರಂತೆ ಎಟಿಎಸ್-6 ಉಪಗ್ರಹ ಒಂದು ವರ್ಷದ ಮಟ್ಟಿಗೆ ನಮಗೆ ಎರವಲಾಗಿ ಸಿಕ್ಕಿತು. 1975ರ ಆಗಸ್ಟ್ 1ರಂದು 'ಸೈಟ್' ಎಂಬ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರ ಅಂಗಳ. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ, ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಒಂದು ಟಿ.ವಿ. ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಒಂದಿಷ್ಟು ಹಾಡು-ಕುಣಿತ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ!

ಇಂದು 'ಅಭಿವೃದ್ಧಿ ಸಂವಹನ' ಎಂಬುದು ಕಾಲೇಜಿನಲ್ಲಿ ಕಲಿಸುವ ವಿಷಯ, ಸಂಬಳ ತರುವ ಉದ್ಯೋಗ. ಆಗ ಅದಕ್ಕೆ ಸಿದ್ಧ ಮಾದರಿ ಇರಲಿಲ್ಲ. ಕ್ಯಾಮೆರಾ ಹಿಡಿಯುವ ಮೊದಲೇ ಸಂಶೋಧಕರು ಹಳ್ಳಿಗಳಿಗೆ ಹೋಗಿ ಜನ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ಕಾಯಿಲೆ ಬಿದ್ದರೆ ಯಾರ ಬಳಿ ಹೋಗುತ್ತಾರೆ ಎಂದು ಬರೆದುಕೊಂಡರು. ಕೆಲವು ಮಾನವಶಾಸ್ತ್ರಜ್ಞರಂತೂ ಆಯ್ದ ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ವಾಸವಿದ್ದರು. ಹೇಳುವುದಕ್ಕಿಂತ ಕೇಳುವುದು ಮೊದಲು ಎಂಬ ಈ ಪಾಠ ನಮ್ಮಂಥ ವರದಿಗಾರರಿಗೂ ಅಷ್ಟು ಬೇಗ ತಲೆಗೆ ಹತ್ತುವುದಿಲ್ಲ.

ದೇಶದಲ್ಲಿ ಆಗ ತುರ್ತುಪರಿಸ್ಥಿತಿ ಇತ್ತೆಂಬುದನ್ನು ಮರೆಯಬಾರದು. ಕುಟುಂಬ ಯೋಜನೆಯನ್ನು ಒಂದೆಡೆ ತೆರೆಯ ಮೇಲೆ ನಯವಾಗಿ ವಿವರಿಸುತ್ತಿದ್ದರೆ, ಮತ್ತೊಂದೆಡೆ, ಮುಖ್ಯವಾಗಿ ಉತ್ತರ ಭಾರತದಲ್ಲಿ, ಬಲವಂತದ ಶಸ್ತ್ರಚಿಕಿತ್ಸೆಗಳು ನಡೆದವು. ಮನವೊಲಿಕೆಯ ಮಾತನ್ನು ಜನ ನಂಬಬೇಕಾದರೆ ಅದರ ಹಿಂದೆ ಲಾಠಿ ಇರಬಾರದಲ್ಲವೆ?

ಮೊದಲ ದಿನಗಳ ನೂಕುನುಗ್ಗಲು ಬರಬರುತ್ತ ಕರಗಿತು. ಆದರೂ ಪ್ರಯೋಗದ ನಂತರದ ಅಧ್ಯಯನಗಳಲ್ಲಿ ಒಂದು ಸೋಜಿಗದ ಅಂಶ ಕಂಡುಬಂತು: ಹೆಚ್ಚು ತಿಳಿದುಕೊಂಡವರು ಓದುಬರಹ ಬಲ್ಲವರಲ್ಲ, ಪತ್ರಿಕೆ, ರೇಡಿಯೊಗಳ ಸಂಪರ್ಕವೇ ಇಲ್ಲದ ಅನಕ್ಷರಸ್ಥರು ಮತ್ತು ಮಹಿಳೆಯರು. ಇನ್ನು ಟಿ.ವಿ. ಬಂದರೆ ಮಕ್ಕಳು ಶಾಲೆ ಬಿಡುವುದು ನಿಲ್ಲುತ್ತದೆ ಎಂಬ ನಿರೀಕ್ಷೆ ಮಾತ್ರ ಹುಸಿಯಾಯಿತು. ಹೊಲದಲ್ಲಿ ಕೂಲಿಗೆ ಬೇಕಾದ ಮಗುವನ್ನು ಗೊಂಬೆಯಾಟ ತೋರಿಸಿ ತಡೆಯಲಾದೀತೆ?

1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಎರವಲು ತಂದ ಉಪಗ್ರಹ ಮರಳಿ ಹೋಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಭೂಮಿಯ ಮೇಲಿನ ಪ್ರಸಾರ ಕೇಂದ್ರ ತಲೆ ಎತ್ತಿ, ಸುತ್ತಲಿನ ಊರುಗಳಿಗೆ ಮತ್ತೆ ಚಿತ್ರ ಬಂತು. ಅದರ ವ್ಯಾಪ್ತಿಗೆ ಸಿಗದ ದೂರದ ಹಳ್ಳಿಗಳಲ್ಲಿ ಆ ತಂತಿಬಲೆಯ ಆಂಟೆನಾಗಳಿಗೆ ಹಿಡಿಯಲು ಆಕಾಶದಲ್ಲಿ ಏನೂ ಉಳಿದಿರಲಿಲ್ಲ.